ಬೈ ಟು ಎಂಬ ಪಥ್ಯ

ಒಂದು ಮಸಾಲೆ ದೋಸೆ ತಿಂದು ದಪ್ಪಗಾದವರು ಯಾರೂ ಇಲ್ಲ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗದೆ ಉಳಿದಿರಬೇಕು. ಹೋಟೆಲಿನ ಮಸಾಲೆ ದೋಸೆಗೆ, ಪಲ್ಯ ಚಟ್ನಿ ಎಲ್ಲ ಸೇರಿಸಿ, ಅಂದಾಜು 400 ಎಂದಿಟ್ಟುಕೊಂಡರೂ ಹತ್ತೊಂಬತ್ತು ದೋಸೆ ಬೇಕು. ವಾರಕ್ಕೊಂದರಂತೆ ತಿಂದರೆ ನಾಲ್ಕು ತಿಂಗಳ ಮಾತು. ತಾಪತ್ರಯ ಇರುವುದೇ ಈ ನಾಲ್ಕು ತಿಂಗಳಲ್ಲಿ. ಅಷ್ಟು ನಿಧಾನವಾಗಿ ಬರುವ ಕಿಲೋ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರದೋ ಮದುವೆಗೆಂದು ಹಳೆಯ ರವಿಕೆ, ಹಳೆಯ ಪ್ಯಾಂಟು ಹೊರತೆಗೆದಾಗಲೇ ಲೆಕ್ಕ ಎದುರಿಗೆ ಬಂದು ನಿಲ್ಲುವುದು.

ಇದರಲ್ಲಿ ದೋಸೆಯ ತಪ್ಪು ಅಷ್ಟಿಲ್ಲ, ರಾತ್ರಿಯ ಅನ್ನದ್ದು ಹೆಚ್ಚು. ಸಂಜೆ ಐದಕ್ಕೆ ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಬಂದವರು ಒಂಬತ್ತಕ್ಕೆ ಎಂದಿನಂತೆ ಅನ್ನ, ಸಾರು, ಮಜ್ಜಿಗೆಗೆ ಕೂರುತ್ತಾರೆ. ಹೊರಗೆ ತಿಂದದ್ದು ಬರೀ ತಿಂಡಿ, ಊಟ ಇನ್ನೂ ಆಗಿಲ್ಲವಲ್ಲ! ಮನೆಯಲ್ಲಿ ಅಜ್ಜಿ ಇದ್ದರಂತೂ ಮುಗಿಯಿತು. ಬರಿಹೊಟ್ಟೆಯಲ್ಲಿ ಮಲಗಬಾರದೆಂದು ಮೊಸರನ್ನ ಕಲಸಿ ಕೈಗಿಡುತ್ತಾರೆ. ಹೊರಗೆ ತಿನ್ನುವುದನ್ನು ಬಿಡದೆ ತೂಕ ಹಿಡಿತದಲ್ಲಿಡಲು ನೂರು ಉಪಾಯ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಒಂದೇ: ಸಂಜೆಯ ದೋಸೆಯನ್ನು ರಾತ್ರಿಯ ಊಟದ ಖಾತೆಗೆ ಬರೆದುಬಿಡುವುದು. ಒಂಬತ್ತಕ್ಕೆ ಒಂದು ಲೋಟ ಮಜ್ಜಿಗೆಯೋ ನಾಲ್ಕು ಹೋಳು ಪಪ್ಪಾಯಿಯೋ ಸಾಕು. ಮಿಕ್ಕ ಉಪಾಯಗಳೆಲ್ಲ ಇದರ ಬಾಲಂಗೋಚಿ.

ಬಾಲಂಗೋಚಿಯೂ ಬೇಕು, ಬಿಡಿ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಪ್ರೋಟೀನಿನಲ್ಲಾಗಲಿ ಇರುವುದು 4 ಕ್ಯಾಲೊರಿ. ಎಣ್ಣೆಯಲ್ಲಿ, ತುಪ್ಪದಲ್ಲಿ 9. ಹಾಗಾಗಿ ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ಹೆಚ್ಚು ಬಿದ್ದರೆ 120 ಕ್ಯಾಲೊರಿ, ಅಂದರೆ ಎರಡು ಇಡ್ಲಿ ತಿಂದಷ್ಟಾಯಿತು. ಇಡ್ಲಿಗೆ ತಟ್ಟೆಗೆ ಸವರಿದ್ದು ಬಿಟ್ಟರೆ ಎಣ್ಣೆಯ ಸೋಂಕಿಲ್ಲ. ಜತೆಗೆ ಬರುವ ಒಂಟಿ ವಡೆ ಮಾತ್ರ ಎರಡು ಇಡ್ಲಿಗೆ ಸಮ, ಒಮ್ಮೊಮ್ಮೆ ಹೆಚ್ಚೇ. ಚೌಚೌ ಬಾತಿನಲ್ಲಿ ಖಾರಾಬಾತನ್ನು ಅನುಮಾನಿಸುವವರು ಕೇಸರಿಬಾತನ್ನು ಕಣ್ಣುಮುಚ್ಚಿ ಬಾಯಿಗಿಡುತ್ತಾರೆ. ಅದರಲ್ಲಿ ರವೆಯಷ್ಟೇ ಸಕ್ಕರೆ, ಕೆಲವೆಡೆ ಇನ್ನೂ ಹೆಚ್ಚು. ತುಪ್ಪದ ಮಾತು ಬೇರೆ.

1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ದೋಸೆಯ ಜತೆ ಪುಟ್ಟ ಬಟ್ಟಲಲ್ಲಿ ತುಪ್ಪ ಬೇರೆಯಾಗಿ ಬರುತ್ತದೆ. ಕಾವಲಿಯ ಮೇಲೆ ಬಿದ್ದದ್ದು ಬಿದ್ದಾಯಿತು, ಬಟ್ಟಲಿನದಾದರೂ ನಮ್ಮ ಕೈಯಲ್ಲಿದೆ. ದಾವಣಗೆರೆಯಲ್ಲಿ ಈ ಆಯ್ಕೆ ಇಲ್ಲ. ಅಲ್ಲಿ ಬೆಣ್ಣೆ ದೋಸೆಯೊಂದಿಗೇ ಬೆಂದಿರುತ್ತದೆ, ಮೇಲೆ ಇನ್ನೊಂದು ಮುದ್ದೆ ಕರಗುತ್ತಿರುತ್ತದೆ. ದಾವಣಗೆರೆಗೆ ಹೋಗಿ ಬೆಣ್ಣೆ ಕಮ್ಮಿ ಹಾಕಿ ಎನ್ನುವುದು ಅಪಚಾರ. ಒಂದು ತಿಂದು ಕೈ ತೊಳೆದು ಎದ್ದು ಬರುವುದು ಮರ್ಯಾದೆ.

ಬೇರೆ ಊರುಗಳಲ್ಲಿ ಕೇಳಬಹುದು, ಆದರೆ ಹೊತ್ತು ನೋಡಿ ಕೇಳಬೇಕು. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಕಾವಲಿಯ ಮೇಲೆ ಹನ್ನೆರಡು ದೋಸೆ ಸಾಲಾಗಿ ಬೇಯುತ್ತಿರುವಾಗ ಭಟ್ಟರು ಎಣ್ಣೆ ಸುರಿಯುವುದು ದೋಸೆಗಲ್ಲ, ಸಾಲಿಗೆ. ನನ್ನದೊಂದನ್ನು ಬಿಟ್ಟು ಸುರಿಯಿರಿ ಎಂದರೆ ಯಾರಿಗೆ ಪುರುಸೊತ್ತಿದೆ? ಮಧ್ಯಾಹ್ನ ಮೂರೂವರೆಗೆ ಅದೇ ಭಟ್ಟರು, “ಖಾಲಿ ದೋಸೆ ಮಾಡ್ಕೊಡ್ಲಾ ಸಾರ್? ಎಣ್ಣೆ ಹಾಕಲ್ಲ” ಎಂದು ತಾವೇ ಕೇಳುತ್ತಾರೆ. ಕಾಫಿಯ ವಿಷಯವೂ ಹೀಗೇ. ಎಷ್ಟೋ ಕಡೆ ಸಕ್ಕರೆ ಮೊದಲೇ ಬೆರೆತಿರುತ್ತದೆ, ಅಂಥಲ್ಲಿ ‘ಸಕ್ಕರೆ ಕಮ್ಮಿ’ ಎಂದರೆ ಏನೂ ಕಮ್ಮಿಯಾಗದು. ಸಕ್ಕರೆ ಇಲ್ಲದ್ದನ್ನೇ ಕೇಳಿ ತಾವು ಬೆರೆಸಿಕೊಳ್ಳಬೇಕು.

ಇಷ್ಟೆಲ್ಲ ಕೇಳಲು ನಾಚಿಕೆಯಾಗುವವರಿಗೂ ಬೆಂಗಳೂರು ಒಂದು ಅನುಕೂಲ ಮಾಡಿಕೊಟ್ಟಿದೆ: ಬೈ ಟು. ಕಾಫಿ ಬೈ ಟು, ಸೂಪ್ ಬೈ ಟು, ಫ್ರೈಡ್ ರೈಸ್ ಬೈ ಟು. ಸಪ್ಲೈಯರ್ ಹುಬ್ಬೇರಿಸುವುದಿಲ್ಲ, ಪಕ್ಕದ ಮೇಜಿನವರು ತಿರುಗಿ ನೋಡುವುದಿಲ್ಲ. ಹಣ ಉಳಿಸಲೆಂದು ಹೇಳಿದಿರೋ ಹೊಟ್ಟೆ ಇಳಿಸಲೆಂದೋ ಯಾರೂ ವಿಚಾರಿಸುವುದಿಲ್ಲ. ಡಯೆಟ್ ಮೆನು ಎಂದು ಬೇರೆ ಅಚ್ಚು ಹಾಕಿಸಿ ಹುಲ್ಲಿನ ರುಚಿಯ ಸಲಾಡಿಗೆ ಮುನ್ನೂರು ರೂಪಾಯಿ ಕೇಳುವವರಿಗಿಂತ ಇದು ಎಷ್ಟೋ ವಾಸಿ. ಇಬ್ಬರು ಹೋದರೆ ಎರಡು ಮಸಾಲೆ ಯಾಕೆ? ಒಂದು ಮಸಾಲೆ, ಒಂದು ಪ್ಲೇಟ್ ಇಡ್ಲಿ ಹೇಳಿ ನಡುವೆ ಇಟ್ಟುಕೊಂಡರೆ ಎರಡರ ರುಚಿಯೂ ಸಿಗುತ್ತದೆ. ದೋಸೆಯ ಸುಖವೆಲ್ಲ ಮೊದಲ ಐದಾರು ತುತ್ತಿನಲ್ಲೇ ಇದೆ. ಆಮೇಲಿನದು ತಟ್ಟೆ ಖಾಲಿ ಮಾಡುವ ಕರ್ತವ್ಯ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಹೋಟೆಲುಗಳು ಊರು ತುಂಬಿದವು. ತಾಜಾ ತಿಂಡಿ, ಅಗ್ಗದ ದರ, ಎಲ್ಲ ಸರಿ. ವೇಗ ಮಾತ್ರ ಎಡವಟ್ಟು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದಿಪ್ಪತ್ತು ನಿಮಿಷ ಬೇಕು; ದರ್ಶಿನಿಯಲ್ಲಿ ಅಷ್ಟರಲ್ಲಿ ತಿಂದು, ಕಾಫಿ ಕುಡಿದು, ಬೈಕ್ ಹತ್ತಿ ಸಿಗ್ನಲ್ ದಾಟಿರುತ್ತೇವೆ. ಅದಕ್ಕೇ ಇಡ್ಲಿ, ವಡೆ, ಕೇಸರಿಬಾತಿಗೆ ಒಟ್ಟಿಗೇ ಟೋಕನ್ ತೆಗೆದುಕೊಳ್ಳಬಾರದು. ಮೊದಲು ಇಡ್ಲಿಗಷ್ಟೇ. ಆಮೇಲೂ ಬೇಕೆನಿಸಿದರೆ ಮತ್ತೆ ಸಾಲಿನಲ್ಲಿ ನಿಲ್ಲಿ. ಹತ್ತರಲ್ಲಿ ಎಂಟು ಸಲ ಸೋಮಾರಿತನವೇ ಗೆಲ್ಲುತ್ತದೆ, ಅದು ಉಪಕಾರಕ್ಕೆ ಬರುವ ಅಪರೂಪದ ಸಂದರ್ಭ ಇದು.

ಮೊಬೈಲಿನಲ್ಲಿ ತರಿಸುವಾಗ ಆ ಸಾಲೂ ಇಲ್ಲ. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿ ಮತ್ತು ಅದರ ಜತೆಗಾರರು ಹೋಟೆಲನ್ನು ಮಂಚದ ಪಕ್ಕಕ್ಕೆ ತಂದಿಟ್ಟಿದ್ದಾರೆ. ಇನ್ನು ಇಷ್ಟು ರೂಪಾಯಿಯದು ಸೇರಿಸಿದರೆ ಡೆಲಿವರಿ ಉಚಿತ ಎಂದ ಕೂಡಲೇ ಎರಡು ಜಾಮೂನು ಬುಟ್ಟಿಗೆ ಬೀಳುತ್ತವೆ. ಡೆಲಿವರಿಯ ದುಡ್ಡು ಕೊಟ್ಟುಬಿಡುವುದೇ ಲಾಭ.

ಫ್ಯಾಮಿಲಿ ರೆಸ್ಟೋರೆಂಟಿನ ಕತೆ ಬೇರೆ. ಅಲ್ಲಿ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಗ್ರೇವಿಯೊಳಗೆ ಗೋಡಂಬಿ ಪೇಸ್ಟು, ಬೆಣ್ಣೆ, ಕ್ರೀಮು ಎಂಬ ಹೆಸರುಗಳಲ್ಲಿ ಅಡಗಿರುತ್ತದೆ. ದಾಲ್, ತಂದೂರಿ ರೊಟ್ಟಿ ಹೇಳಿ, ಪನೀರ್ ಬಟರ್ ಮಸಾಲ ಒಂದೇ ಒಂದನ್ನು ಇಡೀ ಮೇಜಿಗೆ ತರಿಸಿದರೆ ಯಾರಿಗೂ ಬೇಸರವಿಲ್ಲ. ಗೋಬಿ ಮಂಚೂರಿಯಂತೂ ಹಿಟ್ಟಿನಲ್ಲಿ ಅದ್ದಿ ಒಮ್ಮೆ ಕರಿದು, ಮತ್ತೆ ಎಣ್ಣೆಯಲ್ಲಿ ಸಾಸಿನೊಂದಿಗೆ ಹುರಿದದ್ದು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಎಣ್ಣೆಯನ್ನು ನಿಷೇಧಿಸುವ ಧೈರ್ಯ ಯಾವ ಸರ್ಕಾರಕ್ಕಿದೆ? ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ಕೇಂದ್ರದ ನಿಯಮ 2022ರಿಂದ ಇದೆ. ಬೆಲೆಯ ಪಕ್ಕದ ಆ ಸಣ್ಣ ಅಂಕಿಯನ್ನೂ ಒಮ್ಮೆ ಓದಿ. ದಿನವಿಡೀ ಸಾಮಾನ್ಯ ವಯಸ್ಕರಿಗೆ ಬೇಕಾದದ್ದು ಸುಮಾರು 2,000.

ಭಾನುವಾರ ಹೊರಗೆ ಉಂಡು ಸೋಮವಾರ ಬೆಳಗ್ಗೆ ತೂಕದ ಯಂತ್ರ ಹತ್ತುವವರಿಗೆ ಒಂದು ಮಾತು. ಅದು ಒಂದು ಕಿಲೋ ಹೆಚ್ಚು ತೋರಿಸಿದರೆ ಗಾಬರಿಯಾಗಿ ಉಪವಾಸ ಕೂರಬೇಡಿ. ಹೋಟೆಲಿನ ಅಡುಗೆಯಲ್ಲಿ ಉಪ್ಪು ಜಾಸ್ತಿ, ಉಪ್ಪು ನೀರನ್ನು ಹಿಡಿದಿಡುತ್ತದೆ. ಆ ಕಿಲೋದಲ್ಲಿ ಬಹುಪಾಲು ನೀರೇ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಿಜವಾದ ಲೆಕ್ಕ ಬೇಕಿದ್ದರೆ ಸೊಂಟದ ಸುತ್ತ ಟೇಪು ಹಿಡಿಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರವಿರಲಿ ಎನ್ನುತ್ತಾರೆ ವೈದ್ಯರು.

ಹೊರಗೆ ಹೊಟ್ಟೆ ತುಂಬ ಉಂಡೇ ತೀರಬೇಕೆಂದಿದ್ದರೆ ಉತ್ತರ ಕರ್ನಾಟಕದ ಖಾನಾವಳಿಗೆ ಹೋಗಿ. ಎಣ್ಣೆಯ ಹನಿಯಿಲ್ಲದೆ ಬೆಂದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ, ಮಜ್ಜಿಗೆ. ರೊಟ್ಟಿ ಮುರಿದು ಅಗಿಯುವಷ್ಟರಲ್ಲಿ ಆ ಇಪ್ಪತ್ತು ನಿಮಿಷ ತಾನಾಗಿ ಕಳೆಯುತ್ತದೆ. ಸೊಪ್ಪು, ಕಾಳು ಮೊದಲು, ಅನ್ನ ಕೊನೆಗೆ ಎಂಬ ಕ್ರಮದಲ್ಲಿ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಎಣ್ಣೆಗಾಯಿಯಲ್ಲಿ ಎಣ್ಣೆ ತೇಲುತ್ತಿರುತ್ತದೆ ನಿಜ. ಬದನೆಕಾಯಿ ತಿಂದು ಎಣ್ಣೆಯನ್ನು ತಟ್ಟೆಯಲ್ಲೇ ಬಿಡಬಹುದು. ಶೇಂಗಾ ಚಟ್ನಿ ರುಚಿಗೆ ಒಂದು ಚಿಟಿಕೆ ಸಾಕು. ಹೋಳಿಗೆ ಇರುವ ದಿನ ಮಾತ್ರ ಹುಷಾರು. ತುಪ್ಪದ ಗಿಂಡಿ ಹಿಡಿದು ಬರುವವರಿಗೆ ಸಾಕು ಎಂದು ಬಾಯಲ್ಲಿ ಹೇಳಿದರೆ, “ಇರ್ಲಿ ತಗೋರಿ” ಎಂದು ಇನ್ನೊಂದು ಧಾರೆ ಬೀಳುತ್ತದೆ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು.