ಎಳೆ ಜೋಳ ಮೇವಲ್ಲ, ವಿಷ!

ಸೋದರಿಯರೇ, ಮನೆಯಲ್ಲಿ ಒಂದು ಎಮ್ಮೆಯೋ ಎರಡು ಆಡೋ ಸಾಕಿದ್ದೀರಾ? ಹಾಗಾದರೆ ಈ ಮಾತು ನಿಮಗೇ.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಸೀಮೆಯಲ್ಲಿ ಜೋಳವೆಂದರೆ ಮನೆಮಂದಿಗೆ ರೊಟ್ಟಿ, ದನಕ್ಕೆ ಕಣಕಿ. ಆದರೆ ಅದೇ ಜೋಳ ಎಳೆಯದಿದ್ದಾಗ ದನದ ಜೀವ ತೆಗೆಯಬಲ್ಲದು. ಎಳೆ ಎಲೆಯಲ್ಲಿರುವ ಧುರಿನ್ ಎಂಬ ಅಂಶ ಹೊಟ್ಟೆ ಸೇರಿದೊಡನೆ ಸೈನೈಡ್ ವಿಷವಾಗುತ್ತದೆ.

ಯಾವುದು ಅಪಾಯ? ಮೊಣಕಾಲುದ್ದದ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೊಯ್ದ ಬುಡದಿಂದ ಚಿಗುರಿದ ಕೂಳೆ. ಹಸಿರು ಕಂಡಿತಂತ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಾಕಬೇಡಿ.

ಏನು ಮಾಡಬೇಕು?

● ಹಸಿಮೇವು ಹಾಕುವುದಾದರೆ ಪೈರು ಹೂ ಬಿಟ್ಟ ಮೇಲೆಯೇ ಕೊಯ್ಯಿರಿ.

● ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ವಿಷ ಬಹಳಷ್ಟು ಇಳಿಯುತ್ತದೆ.

● ಹಸಿದ ದನವನ್ನು ಜೋಳದ ಹೊಲದ ಕಡೆ ಬಿಡಬೇಡಿ. ಮೊದಲು ಒಣಮೇವು ಹಾಕಿ, ಆಮೇಲೆ ಹೊರಗೆ ಹೊಡೆಯಿರಿ.

ಮೇವು ತಿಂದ ಸ್ವಲ್ಪ ಹೊತ್ತಿಗೇ ದನ ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ತೂರಾಡಿ ಬಿದ್ದರೆ ದೃಷ್ಟಿಯಾಯಿತೆಂದು ಉಪ್ಪು-ಮೆಣಸಿನಕಾಯಿ ಇಳಿಸುತ್ತ ಕೂರಬೇಡಿ. ಉಳಿದ ಮೇವು ಎಳೆದುಹಾಕಿ, ಕೂಡಲೇ ಪಶುವೈದ್ಯರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962ಕ್ಕೆ ಫೋನು ಮಾಡಬಹುದು. ಇದಕ್ಕೆ ಸೂಜಿಮದ್ದುಂಟು, ಆದರೆ ಗಳಿಗೆಗಳ ಲೆಕ್ಕ.

ಹೊಲಕ್ಕೆ ಹೋಗುವ ಮಕ್ಕಳಿಗೂ ಇದನ್ನು ಹೇಳಿಡಿ, ದನ ಹೊಡೆದುಕೊಂಡು ಹೋಗುವವರು ಹೆಚ್ಚಾಗಿ ಅವರೇ ತಾನೆ?