ಟ್ರಂಕಿನೊಳಗಿನ ಬಣ್ಣಗಳು

ಗದಗ ಜಿಲ್ಲೆಯ ಅಸೂಟಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯ ತಲಬಾಗಿಲು ದಾಟಬೇಕಾದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಲೇಬೇಕು. ಚೌಕಟ್ಟಿನ ನೆತ್ತಿಯಲ್ಲಿ ಗಜಲಕ್ಷ್ಮಿ, ಎರಡೂ ಬದಿಗೆ ಕಮಲದ ಬಳ್ಳಿ. ಎಣ್ಣೆ ಕುಡಿದು ಕುಡಿದು ಸಾಗುವಾನಿ ಕಪ್ಪಗಾಗಿದೆ. ಒಳಗೆ ಕಟ್ಟೆ, ಪಡಸಾಲೆ, ಗೋಡೆಯುದ್ದಕ್ಕೂ ಮಾಡಗಳು, ಮೇಲೆ ಮಣ್ಣಿನ ಮಾಳಿಗೆ, ಅದಕ್ಕೊಂದು ಬೆಳಕಿಂಡಿ. ಈ ಮನೆಯ ನಾಲ್ಕು ಕೋಣೆಗಳನ್ನು ಬಾದಾಮಿ, ಸೂಡಿ, ಗಜೇಂದ್ರಗಡ ನೋಡಲು ಬರುವವರಿಗೆ ತಂಗಲು ಕೊಡಬೇಕೆಂದು ನಾನು ತಮ್ಮ ಎನ್ನುವ ಅತ್ತೆಯ ಮಗ ಮನಸ್ಸು ಮಾಡಿದ್ದಾನೆ. ಹೇಗೆ ಸಿಂಗರಿಸುತ್ತೀ ಎಂದು ಕೇಳಿದರೆ ಫೋನು ಮುಂದೆ ಹಿಡಿದ. ಎಲ್ಲ ರಾಜಸ್ಥಾನದ ಹವೇಲಿಗಳ ಚಿತ್ರ: ಗುಲಾಬಿ ಗೋಡೆ, ಕನ್ನಡಿ ಕೂರಿಸಿದ ಕಮಾನು, ಆನೆಗಳ ಸಾಲಿನ ಹೊದಿಕೆ.

“ಹಿಂಗ ಮಾಡಿದ್ರ ಮಂದಿ ಬರ್ತಾರಕ್ಕಾ.”

ಬರುತ್ತಾರೆ, ಸುಳ್ಳಲ್ಲ. ಆದರೆ ಅಸೂಟಿಗೆ ಬಂದವರಿಗೆ ನಾವು ಜೈಪುರವನ್ನು ಯಾಕೆ ತೋರಿಸಬೇಕು?

ಹಳೆಯ ಕಟ್ಟಡಕ್ಕೆ ಬಗೆಬಗೆಯ ಬಣ್ಣ ತುಂಬಿ ಅತಿಥಿಗೃಹ ಮಾಡುವುದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ಮೈಸೂರಿನ ಚಿತ್ತರಂಜನ್ ಪ್ಯಾಲೇಸ್ ಅನ್ನು 1920ರ ದಶಕದಲ್ಲಿ ಅರಸು ಮನೆತನದ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ್ದರು. ಮುಂದೆ ಅದೇ ಆವರಣದಲ್ಲಿ ಪ್ರೀಮಿಯರ್ ಸ್ಟುಡಿಯೊ ಬಂತು, ಕನ್ನಡ ಸಿನಿಮಾಗಳು ತಯಾರಾದವು. 1989ರ ಫೆಬ್ರುವರಿಯಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ಹೊತ್ತಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತದ್ದು ಆ ಸ್ಟುಡಿಯೊದಲ್ಲಿಯೇ. ಅದಾದ ಮೇಲೆ 1990ರ ದಶಕದಲ್ಲಿ ಬ್ರಿಟನ್ನಿನ ಚಾರಿಟೀಸ್ ಅಡ್ವೈಸರಿ ಟ್ರಸ್ಟ್ ಆ ಅರಮನೆಯನ್ನು ಗ್ರೀನ್ ಹೋಟೆಲ್ ಮಾಡಿತು. ಏರ್ ಕಂಡೀಷನರ್ ಇಲ್ಲ, ಸ್ನಾನಕ್ಕೆ ಸೂರ್ಯ ಕಾಯಿಸಿದ ನೀರು, ಲಾಭವೆಲ್ಲ ಸಮಾಜ ಮತ್ತು ಪರಿಸರದ ಕೆಲಸಕ್ಕೆ. ಒಂದು ಕೋಣೆ ರಾಜಕುಮಾರಿಯದು, ಒಂದು ಲೇಖಕರದು, ಒಂದು ತೊಗಲುಗೊಂಬೆ-ಸೂತ್ರದ ಗೊಂಬೆಗಳದು, ಇನ್ನೊಂದು ಸಿನಿಮಾದ್ದು. ಕಟ್ಟಡ ಬಾಳಿದ ಬಾಳನ್ನೇ ಕೋಣೆಗಳಿಗೆ ಹಂಚಿಕೊಟ್ಟ ಈ ಉಪಾಯ ನನಗೆ ಬಹಳ ಹಿಡಿಸಿತು. ಆ ಬಣ್ಣಗಳು ಒಂದಕ್ಕೊಂದು ಹೊಂದದಿದ್ದರೂ ಕಣ್ಣಿಗೆ ಚುಚ್ಚಲಿಲ್ಲ, ಯಾಕೆಂದರೆ ಪ್ರತಿಯೊಂದಕ್ಕೂ ಆ ಮನೆಯಲ್ಲೇ ಒಂದು ಕಾರಣವಿತ್ತು.

ನಮಗೆ ಇನ್ನೂ ಹತ್ತಿರದ ಪಾಠ ಆನೆಗೊಂದಿಯದು. ಹಂಪಿಯ ಎದುರು ದಡದ ಆ ಊರಿನಲ್ಲಿ 1997ರಲ್ಲಿ ಹುಟ್ಟಿದ ಕಿಷ್ಕಿಂಧಾ ಟ್ರಸ್ಟ್, ಅದನ್ನು ಕಟ್ಟಿದ ಶಮಾ ಪವಾರ್, ಬಿದ್ದುಹೋಗುತ್ತಿದ್ದ ಹಳೆಯ ಮನೆಗಳನ್ನು ಹಳೆಯ ರೀತಿಯಲ್ಲೇ ಎತ್ತಿ ನಿಲ್ಲಿಸಿದರು. ಊರಮ್ಮ ಹೆಸರಿನ ಮನೆಗಳಲ್ಲಿ ಈಗ ಪರಸ್ಥಳದವರು ತಂಗುತ್ತಾರೆ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಬಾಳೆದಿಂಡಿನ ಪಟ್ಟೆಯನ್ನು ಅಲ್ಲಿಯ ಹೆಂಗಸರು ಒಣಗಿಸಿ, ಹೊಸೆದು ಹುರಿ ಮಾಡಿ, ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಊರಿನ ತೋಟದಲ್ಲಿ ಬೆಳೆದದ್ದು ಊರಿನ ಕೈಯಿಂದ ಊರಿನ ಮನೆಗೇ ಬಂದು ಕೂತಿದೆ.

ಹಾಗಾದರೆ ಅಸೂಟಿಯ ಸುತ್ತ ಏನಿದೆ? ಒಂದು ದಿನ ಸಂಜೆ ಅತ್ತೆಯ ಕಟ್ಟೆಯ ಮೇಲೆ ಕೂತು ಎಣಿಸಿದೆವು. ಎಣಿಸುತ್ತಾ ಹೋದ ಹಾಗೆ ನನಗೇ ಬೆರಗಾಯಿತು.

ಎಲ್ಲಕ್ಕಿಂತ ಮೊದಲು ಗೋಡೆ. ಒಂದು ಕೋಣೆಗೆ ಯಾರೋ ಹೇಳಿದರೆಂದು ಹೋದ ವರ್ಷ ಹೊಳೆಯುವ ಪ್ಲಾಸ್ಟಿಕ್ ಪೇಂಟು ಹೊಡೆಸಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿ, ಉಗುರು ತಾಗಿಸಿದರೆ ಪದರು ಪದರಾಗಿ ಕೈಗೆ ಬರುತ್ತಿತ್ತು. ಕಲ್ಲು-ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣ ಆ ತೇವಕ್ಕೆ ದಾರಿ ಕೊಡುತ್ತದೆ, ಪ್ಲಾಸ್ಟಿಕ್ ಪೇಂಟು ದಾರಿ ಮುಚ್ಚುತ್ತದೆ. ಅತ್ತೆ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. “ಗ್ವಾಡಿಗೂ ಬೆವರ ಬರ್ತೈತಿ ಯವ್ವಾ, ಹೊರಗ ಬಿಡಬೇಕು” ಅಂದಳು. ಆ ಬಣ್ಣವನ್ನೆಲ್ಲ ಕೆರೆಸಿ ಸುಣ್ಣ ಹಚ್ಚಿಸಿದ್ದಾಯಿತು. ಸುಣ್ಣದ ಹರಳು ನೀರಲ್ಲಿ ಕುದ್ದು ಅರಳಿ ತಣಿದ ಮೇಲೆ ಸೋಸಿ, ಬಟ್ಟೆಗೆ ಹಾಕುವ ನೀಲಿಯನ್ನು ಚೂರೇ ಚೂರು ಕಲಸಬೇಕು. ಹಸಿಯಿದ್ದಾಗ ಮೋಡದ ಬಣ್ಣ, ಒಣಗಿದ ಮೇಲೆ ಬೆಳದಿಂಗಳಿನ ಹಾಗೆ ತಣ್ಣನೆಯ ಬಿಳಿ. ಬುಡದಲ್ಲಿ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಕರಿಮರ, ನೀಲಿ ಬೆರೆತ ಬಿಳಿ, ಕೆಮ್ಮಣ್ಣು: ಈ ಮೂರು ಗಟ್ಟಿಯಾಗಿ ನಿಂತರೆ ಅವುಗಳ ನಡುವೆ ಎಷ್ಟು ಜೋರು ಬಣ್ಣ ತಂದಿಟ್ಟರೂ ಮನೆ ತಡೆದುಕೊಳ್ಳುತ್ತದೆ.

ಇನ್ನು ಬಟ್ಟೆ. ಗಜೇಂದ್ರಗಡ ಅಂದರೆ ನಮಗೆಲ್ಲ ಕೋಟೆ, ಕಾಲಕಾಲೇಶ್ವರ. ಆ ಊರಿನ ಮಗ್ಗದಲ್ಲಿ ಹುಟ್ಟಿದ ಪಟ್ಟೇದ ಅಂಚಿನ ಸೀರೆ ಎಷ್ಟು ಜನರಿಗೆ ನೆನಪಿದೆ? ದಪ್ಪ ಹತ್ತಿ ನೂಲು, ಮೈತುಂಬ ಚೌಕಳಿ, ಅಗಲವಾದ ಅಂಚು. ಸಾಸಿವೆ ಹಳದಿ, ಮೆಣಸಿನಕಾಯಿ ಕೆಂಪು ಅದರ ಮೆಚ್ಚಿನ ಬಣ್ಣಗಳು. ಒಳಮೈ ಹೊರಮೈ ಎಂಬ ಭೇದವಿಲ್ಲದ್ದರಿಂದ ಹೊಲದಲ್ಲಿ ದುಡಿಯುವ ಹೆಂಗಸರು ತಿರುವಿ ತಿರುವಿ ಉಡುತ್ತಿದ್ದರು. ಸವದತ್ತಿ ಎಲ್ಲಮ್ಮನಿಗೆ ಒಪ್ಪಿಸುತ್ತಿದ್ದ, ಮದುವೆಯಲ್ಲಿ ಹೆಣ್ಣಿಗೆ ಕೊಡುತ್ತಿದ್ದ ಸೀರೆ ಇದು. ನೇಯುವವರೇ ಇಲ್ಲದಂತಾಗಿದ್ದಾಗ ಹೇಮಲತಾ ಜೈನ್ ಎಂಬ ಜವಳಿ ಸಂಶೋಧಕಿ ಹಳೆಯ ಸೀರೆಗಳನ್ನು ಹುಡುಕಿ, ನೇಕಾರರನ್ನು ಕೂಡಿಸಿ, ಮತ್ತೆ ಮಗ್ಗಕ್ಕೆ ಏರಿಸಿದರು. ಅವರ ಸಂಸ್ಥೆಯ ಹೆಸರೇ ಪುನರ್ಜೀವನ.

ಈ ಸೀರೆಯನ್ನು ಕಿಟಕಿಗೆ ಕಟ್ಟಬಹುದು, ಗೋಡೆಗೆ ಹರವಬಹುದು. ಕಾಲ ಕೆಳಗೆ ಹಾಸುವುದು ಬೇಡ ಎಂದು ನಾನು ಹಟ ಹಿಡಿದೆ. ದೇವಿಗೆ ಏರಿಸಿದ ನೇಯ್ಗೆಯದು. ಕಾಲಿಗೆ ನವಲಗುಂದದ ಜಮಖಾನ ಇದೆಯಲ್ಲ! ಮುಸ್ಲಿಂ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುವ ಅದರಲ್ಲಿ ನವಿಲು ಬರುತ್ತದೆ, ಪಗಡೆ ಹಾಸು ಬರುತ್ತದೆ. ಆ ಕಸುಬನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿಯಿತ್ತಂತೆ, ಮಗಳು ಬೇರೆ ಊರಿಗೆ ಹೋಗುವವಳೆಂದು. ಇಳಕಲ್ಲಿನ ಟೋಪಿ ತೆನೆಯ ಕೆಂಪು ಸೆರಗಿನ ಸೀರೆ, ಗುಳೇದಗುಡ್ಡದ ಖಣ ಎರಡೂ ನಮ್ಮ ಪಕ್ಕದವೇ. ಖಣ ದಿಂಬಿಗೆ ಹೇಳಿ ಮಾಡಿಸಿದ್ದು. ಚಿಕ್ಕ ಅಳತೆಯೊಳಗೇ ಅಷ್ಟು ಮಿಂಚು ಹಿಡಿದಿಡುತ್ತದೆ.

ಮಾಡಗಳಿಗೆ ಕಿನ್ನಾಳದ ಗೊಂಬೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಗೋಣಿಯ ಚೂರನ್ನು ನೆನೆಸಿ ಒಣಗಿಸಿ ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದು ತುಂಬಿ, ಅದರ ಮೇಲೆ ಬಣ್ಣ ಏರಿಸುತ್ತಾರೆ. ಒಂದು ಮಾಡಕ್ಕೆ ಒಂದೇ ಗೊಂಬೆ ಸಾಕು. ಹತ್ತು ಇಟ್ಟರೆ ಅಂಗಡಿಯಾಗುತ್ತದೆ.

ಗೋಡೆಗೆ ಚಿತ್ರ ಯಾವುದು ಎಂಬ ಮಾತು ಬಂದಾಗ ತಮ್ಮ ಮತ್ತೆ ಫೋನು ತೆಗೆದ. ಗದಗದಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ವಿಜಯ ಕಲಾ ಮಂದಿರವಿದೆ, ಅಲ್ಲಿ ಕಲಿತವರು ಈ ಎರೆಹೊಲಗಳನ್ನೂ ಸಂತೆಗಳನ್ನೂ ಬರೆದಿದ್ದಾರೆ, ಕಲಿಯುವ ಹುಡುಗರಿಂದ ಬರೆಸಿ ಒಳ್ಳೆಯ ಬೆಲೆ ಕೊಡು ಎಂದೆ. ಅತ್ತೆಯ ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಹಳೆಯ ಕ್ಯಾಲೆಂಡರ್ ಚಿತ್ರಗಳಿವೆ. ಕಲಬುರಗಿಯ ಎಸ್.ಎಂ. ಪಂಡಿತರಂಥವರ ಕುಂಚದಿಂದ ದೇವರುಗಳು ಹಳ್ಳಿಮನೆಗಳಿಗೆ ಬಂದದ್ದು ಕ್ಯಾಲೆಂಡರಿನ ಮೂಲಕವೇ. ಅವು ಪಡಸಾಲೆಯಲ್ಲಿರಲಿ, ಮಲಗುವ ಕೋಣೆಗೆ ಬೇಡ. ಬಣ್ಣ ಬಳಿದ ಗೋಡೆ ನಮ್ಮ ನಾಡಿಗೆ ಎಷ್ಟು ಹಳೆಯದೆಂದು ಅತಿಥಿ ಕೇಳಿದರೆ ಬಾದಾಮಿಯ ಮೂರನೆಯ ಗುಹೆಗೆ ಕಳಿಸಬಹುದು. 578ರ ಶಾಸನವಿರುವ ಆ ಗುಹೆಯಲ್ಲಿ ಚಿತ್ರಗಳ ಮಾಸಿದ ತುಣುಕುಗಳು ಇನ್ನೂ ಉಳಿದಿವೆ.

ಕೊನೆಗೆ ಹಾಸಿಗೆ. ಹೋಟೆಲುಗಳ ಬಿಳಿ ಚಾದರವೇ ಚೊಕ್ಕಟ ಎಂದು ತಮ್ಮನ ವಾದ. ಚಾದರ ಬಿಳಿಯದೇ ಇರಲಿ, ಕಾಲ ಕಡೆ ಮಡಿಚಿಡಲು ಕೌದಿ ಬೇಕೇಬೇಕು ಎಂದೆ. ಅತ್ತೆ ಎದ್ದು ಹೋಗಿ ತಗಡಿನ ಟ್ರಂಕು ತೆಗೆದಳು. ಬೇವಿನೆಲೆಯ, ಡಾಂಬರುಗುಳಿಗೆಯ ವಾಸನೆ. ಅಡಿಯಿಂದ ಒಂದು ಕೌದಿ ಎಳೆದು ನನ್ನ ತೊಡೆಯ ಮೇಲೆ ಹರವಿದಳು. ಮಣ ಭಾರ. ಅಂಚಿನಿಂದ ಶುರುವಾದ ಬಿಳಿ ನೂಲಿನ ಹೊಲಿಗೆ ಚೌಕ ಚೌಕವಾಗಿ ಸುತ್ತುತ್ತಾ ನಡುವಿಗೆ ಬಂದು ನಿಂತಿದೆ. ಕೈಯಾಡಿಸಿದರೆ ಜೋಳದ ಕಾಳಿನಷ್ಟಷ್ಟೇ ಉದ್ದದ ಸೂಜಿಯ ಹೆಜ್ಜೆಗಳು. ಒಂದು ತುಂಡಿನ ಮೇಲೆ ಬೆರಳಿಟ್ಟು “ಇದು ನಿಮ್ಮವ್ವನ ಕುಬಸದ್ದು” ಅಂದಳು. ಹಸಿರು ಖಣ, ತುದಿ ಸವೆದು ನೂಲು ಕಾಣುತ್ತಿತ್ತು. ಇನ್ನೊಂದು ಮಾವನ ರುಮಾಲಿನದು. ಮೂರನೆಯದು ಯಾರದೆಂದು ಅವಳಿಗೆ ನೆನಪಾಗಲಿಲ್ಲ, ಬಹಳ ಹೊತ್ತು ಅದನ್ನೇ ಸವರುತ್ತಾ ಕೂತಳು.

ಆ ಕೌದಿ ಅತಿಥಿಗಳಿಗಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ, ತಮ್ಮನೇ ಮಡಿಚಿ ಒಳಗಿಟ್ಟ. ಕೋಣೆಗಳಿಗೆ ಓಣಿಯ ಹೆಂಗಸರಿಂದ ಹೊಸ ಕೌದಿ ಹೊಲಿಸುವುದು, ಕೂಲಿ ಮೊದಲೇ ಮಾತಾಡುವುದು, ಪ್ರತಿ ಕೌದಿಯ ಮೂಲೆಗೆ ಹೊಲಿದವಳ ಹೆಸರನ್ನು ದಾರದಲ್ಲಿ ಬರೆಸುವುದು ಎಂದು ಗೊತ್ತಾಯಿತು.

ಟ್ರಂಕಿನ ತಳದಲ್ಲಿ ಇನ್ನೊಂದು ಬಟ್ಟೆ ಉಳಿದಿತ್ತು: ಸಾಸಿವೆ ಬಣ್ಣದ, ಕೆಂಪು ಅಂಚಿನ ಒಂದು ಪಟ್ಟೇದ ಅಂಚು. ಅತ್ತೆಯ ಮದುವೆಯ ಕಾಲದ್ದು. ಬೀದಿ ಕಡೆಯ ಕಿಟಕಿಗೆ ಅದನ್ನು ಕಟ್ಟಿ ನೋಡಿದೆವು. ಪಡುವಣ ಬಿಸಿಲು ಚೌಕಳಿಯೊಳಗಿಂದ ಹಾದು, ಸಾರಿಸಿದ ನೆಲದ ಮೇಲೆ ಹಳದಿ ಮನೆಗಳು ಬಿದ್ದವು. ಅತ್ತೆ ಹೊರಗೆ ಹೋಗಿ ಓಣಿಯಲ್ಲಿ ನಿಂತು ಕಿಟಕಿಯತ್ತ ನೋಡಿ ಕೂಗಿದಳು:

“ಎರಡೂ ಕಡೆ ಒಂದ ನಮೂನಿ ಐತಿ ನೋಡ್ರಿ. ಓಣಿಯವ್ರಿಗೂ ಚೊಲೊ ಕಾಣತೈತಿ.”