ಹತ್ತು ಜನರ ಸೆಕ್ಷನ್

ಸೆಕ್ಷನ್ ಅಂದ ತಕ್ಷಣ ನಮಗೆ ನೆನಪಾಗೋದು ಎ ಸೆಕ್ಷನ್, ಬಿ ಸೆಕ್ಷನ್, ಅರವತ್ತು ಜನ, ಕೊನೇ ಬೆಂಚು. ನಮ್ಮ ಸೈನ್ಯದಲ್ಲೂ ಸೆಕ್ಷನ್ ಇದೆ. ಆದರೆ ಅಲ್ಲಿ ಇರೋದು ಹತ್ತೇ ಜನ.

ಭೂಸೇನೆಯ ಇನ್‌ಫೆಂಟ್ರಿಯಲ್ಲಿ, ಅಂದರೆ ಕಾಲಾಳು ಪಡೆಯಲ್ಲಿ, ತುಂಬಾ ಚಿಕ್ಕ ಘಟಕ ಈ ಸೆಕ್ಷನ್. ಸಾಮಾನ್ಯವಾಗಿ ಒಬ್ಬ ಹವಾಲ್ದಾರ್ ಇದರ ಕಮಾಂಡರ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್, ಮೂರು ಪ್ಲಟೂನ್ ಸೇರಿದರೆ ಕಂಪನಿ. ನಾಲ್ಕು ರೈಫಲ್ ಕಂಪನಿಗಳು, ಜೊತೆಗೆ ನೆರವಿನ ತಂಡಗಳು ಸೇರಿ ಬೆಟಾಲಿಯನ್. ಅಲ್ಲಿ ಸುಮಾರು 800 ಜನ ಇರ್ತಾರೆ, ಮುಖ್ಯಸ್ಥರು ಕರ್ನಲ್.

ಹತ್ತೇ ಯಾಕೆ? ಗುಂಡಿನ ಸದ್ದಿನ ನಡುವೆ ಒಬ್ಬರ ಕೂಗು, ಕೈಸನ್ನೆ ಮುಟ್ಟೋದು ಹೆಚ್ಚುಕಮ್ಮಿ ಅಷ್ಟೇ ಜನಕ್ಕೆ. ಜಾಸ್ತಿಯಾದರೆ ಯಾರು ಎಲ್ಲಿದ್ದಾರೆ ಅನ್ನೋದೇ ಗೊತ್ತಾಗಲ್ಲ. ತೀರಾ ಕಮ್ಮಿಯಾದರೆ, ಇಬ್ಬರು ಗಾಯಗೊಂಡರೂ ಕೆಲಸ ನಿಂತುಹೋಗುತ್ತೆ.

ಈ ಹತ್ತು ಜನರಲ್ಲೂ ಕೆಲಸ ಹಂಚಿರುತ್ತಾರೆ. ಲೈಟ್ ಮಷೀನ್ ಗನ್ ಇರುವ ಗುಂಪು ಗುಂಡು ಹಾರಿಸಿ ಶತ್ರು ತಲೆ ಎತ್ತದ ಹಾಗೆ ನೋಡಿಕೊಳ್ಳುತ್ತೆ. ಆ ಹೊತ್ತಿನಲ್ಲಿ ರೈಫಲ್ ಗುಂಪು ಮುಂದೆ ಓಡುತ್ತೆ. ಓಡುವವನ ಜೀವ ಹಿಂದೆ ಇರುವವನ ಕೈಯಲ್ಲಿ. ಕಮಾಂಡರ್‌ಗೆ ಗುಂಡು ತಗುಲಿದರೆ ಎರಡನೆಯವನು ತಕ್ಷಣ ಜವಾಬ್ದಾರಿ ತಗೋಬೇಕು. ಅದಕ್ಕೇ ಗುರಿ ಏನು, ದಾರಿ ಯಾವುದು ಅನ್ನೋದು ಹತ್ತೂ ಜನರಿಗೆ ಮೊದಲೇ ಗೊತ್ತಿರಬೇಕು.

ಕಳೆದ ಸೆಮ್‌ನಲ್ಲಿ ನಮ್ಮ ನಾಲ್ಕು ಜನರ ಮಿನಿ ಪ್ರಾಜೆಕ್ಟ್ ಮುಗ್ಗರಿಸಿದ್ದು ಇಲ್ಲೇ. ಕೋಡ್ ನನಗೊಬ್ಬನಿಗೇ ಗೊತ್ತಿತ್ತು, ಯಾರಿಗೂ ಹೇಳಿಕೊಟ್ಟಿರಲಿಲ್ಲ. ಡೆಮೊ ದಿನ ನನಗೆ ಜ್ವರ. ನಮಗೆ ಹೋಗಿದ್ದು ಬರೀ ಮಾರ್ಕ್ಸ್. ಸೆಕ್ಷನ್‌ನಲ್ಲಿ ಹೀಗಾದರೆ ಹೋಗೋದು ಜೀವ.

1999ರ ಜುಲೈ, ಕಾರ್ಗಿಲ್ ಯುದ್ಧ. ಟೈಗರ್ ಹಿಲ್ ಹತ್ತಲು ಹೊರಟಿದ್ದು 18 ಗ್ರೆನೇಡಿಯರ್ಸ್ ಬೆಟಾಲಿಯನ್ನಿನ ಘಾತಕ್ ಪ್ಲಟೂನ್, ಅಂದರೆ ಬೆಟಾಲಿಯನ್ನಿನಿಂದ ಆಯ್ದ ಯೋಧರ ಚಿಕ್ಕ ತಂಡ. ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಎಲ್ಲರಿಗಿಂತ ಮುಂದೆ ಹತ್ತುತ್ತಾ ಹಿಂದಿನವರಿಗಾಗಿ ಬಂಡೆಗೆ ಹಗ್ಗ ಕಟ್ಟುತ್ತಿದ್ದರು. ಅರ್ಧ ದಾರಿಯಲ್ಲಿ ಮೇಲಿನ ಬಂಕರ್‌ನಿಂದ ಗುಂಡಿನ ಸುರಿಮಳೆ. ಜೊತೆಗಾರರು ಬಿದ್ದರು, ಯಾದವ್ ಅವರಿಗೂ ಗುಂಡುಗಳು ಹೊಕ್ಕವು. ಆದರೂ ಉಳಿದ 60 ಅಡಿ ಹತ್ತಿ, ತೆವಳಿಕೊಂಡು ಹೋಗಿ ಬಂಕರ್‌ಗೆ ಗ್ರೆನೇಡ್ ಎಸೆದರು. ಆ ಬಿಡುವಿನಲ್ಲೇ ಹಿಂದಿದ್ದವರು ಮೇಲೆ ಬಂದರು.

ಅವರಿಗೆ ಪರಮವೀರ ಚಕ್ರ ಸಿಕ್ಕಿತು. ಆಗ ಅವರ ವಯಸ್ಸು 19. ನನಗೂ ಈಗ ಅಷ್ಟೇ. ಈ ಸೆಮ್‌ನ ಪ್ರಾಜೆಕ್ಟ್ ಕೋಡನ್ನ ಮೊದಲನೇ ವಾರದಲ್ಲೇ ನಾಲ್ವರೂ ಕೂತು ಓದಿದ್ದೇವೆ.